ತಕ್ಕಷ್ಟು ಬಲ

ವರ್ನೆಲ್ ತನ್ನ ಮಗಳಿಗೆ ಅಲುಗಾಡದೆ ಕೂರುವುದನ್ನು ಕಲಿಸಿದ್ದಳು. ಬೇರೆ ತಾಯಂದಿರು ಈಜು ಕಲಿಸುತ್ತಾರೆ, ಪಿಯಾನೋ ಕಲಿಸುತ್ತಾರೆ. ಕಲಿಸಲಿ, ಅವರ ಪುಣ್ಯ. ಕರಿಯರ ಮನೆಯಲ್ಲಿ ಕಲಿಸುವ ಮೊದಲ ಪಾಠ ಬೇರೆ. ಪೊಲೀಸಿನವನು ಬಂದರೆ ಎರಡೂ ಅಂಗೈ ಕಾಣುವ ಹಾಗೆ ಇಡು. ಬೆರಳು ಬಿಡಿಸು. ಕಣ್ಣು ಕೆಳಗೆ. ಏನಾದರೂ ಮಾಡಲೇಬೇಕಾದರೆ ಮೊದಲು ಬಾಯಲ್ಲಿ ಹೇಳು. ಅವನು ಸರಿ ಅನ್ನಲಿ. ಆಮೇಲೆ ಮಾಡು.

ಭಾನುವಾರ ಚರ್ಚಿನಿಂದ ಬಂದಮೇಲೆ, ಮನೆ ಮುಂದೆ ನಿಲ್ಲಿಸಿದ ಹಳೆಯ ಕಾರಿನಲ್ಲಿ ಪಾಠ ನಡೆಯುತ್ತಿತ್ತು. ಮಗಳು ಕಿಜಾಯಾ ಮುಂದಿನ ಸೀಟಿನಲ್ಲಿ ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂರುತ್ತಿದ್ದಳು. ವರ್ನೆಲ್ ಟಾರ್ಚು ಹಿಡಿದು ಕಿಟಕಿ ಬಡಿದು, ಗಂಡು ದನಿ ಮಾಡಿ ಗದರುತ್ತಿದ್ದಳು.

"ಏಯ್! ಏನಿದೆ ಆ ಬ್ಯಾಗಲ್ಲಿ? ತೆಗಿ!"

ಹುಡುಗಿ ತಟ್ಟನೆ ಬ್ಯಾಗಿಗೆ ಕೈ ಹಾಕಿದಳೋ, ಮುಗಿಯಿತು. ವರ್ನೆಲ್ ಕಾರಿನ ಬಾಗಿಲಿಗೆ ಧಡ್ಡನೆ ಗುದ್ದುತ್ತಿದ್ದಳು.

"ಸತ್ತೆ. ಈಗ ನೀನು ಸತ್ತೆ ಕಣೆ. ಮತ್ತೆ ಮೊದ್ಲಿಂದ."

ಮೊದಮೊದಲು ಕಿಜಾಯಾ ಕಿಸಕ್ಕನೆ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಹದಿಮೂರು ತುಂಬುವ ಹೊತ್ತಿಗೆ ಪಾಠ ಮೈಗೆ ಇಳಿದಿತ್ತು. ದೂರದಲ್ಲಿ ಸೈರನ್ ಕೂಗಿದರೂ ಸಾಕು, ಹುಡುಗಿಯ ಕೈಗಳು ತಾವಾಗಿ ಮೇಲೆ ಬಂದು ಬಿಡಿಸಿಕೊಳ್ಳುತ್ತಿದ್ದವು.

ಈ ಪಾಠವನ್ನು ವರ್ನೆಲ್ ಕಂಡುಹಿಡಿದದ್ದಲ್ಲ. ಅವಳಿಗೆ ಕಲಿಸಿದ್ದು ಚರ್ಚಿನ ಹಿರಿಯಾಕೆ, ಊರೆಲ್ಲ ಮದರ್ ಎಂದೇ ಕರೆಯುವ ಮದರ್ ಪೆಟ್ಟಿಗ್ರೂ. ಚರ್ಚಿನ ನೆಲಮಾಳಿಗೆಯಲ್ಲಿ ಮಡಿಚುವ ಕುರ್ಚಿಗಳನ್ನು ಕಾರಿನ ಸೀಟಿನಂತೆ ಜೋಡಿಸಿ, ಕೈಯಲ್ಲಿ ಸೌಟು ಹಿಡಿದು, ಜಾರ್ಜಿಯಾದ ಆ ಸಣ್ಣ ಊರಿನ ಕರಿಯ ಮಕ್ಕಳಿಗೆಲ್ಲ ಆಕೆ ಸಾಯದೆ ಉಳಿಯುವುದನ್ನು ಕಲಿಸಿದರು. ಆಕೆಯ ಸ್ವಂತ ಮಗ ಲಮಾರ್ ಕೂಡ ಅದೇ ಕುರ್ಚಿಯಲ್ಲಿ ಕೂತು ಕಲಿತವನು. ವರ್ನೆಲ್ ಪಕ್ಕದಲ್ಲೇ.

ಆ ಲಮಾರ್ ಈಗ ಕಿಜಾಯಾಳ ಶಾಲೆಯ ಕಾವಲಿಗೆ ಹಾಕಿದ ಪೊಲೀಸ್.

ಅವನು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಮೊದಲ ಸಲ ಶಾಲೆಯ ಊಟದ ಹಾಲಿಗೆ ಕಾಲಿಟ್ಟ ದಿನ ವರ್ನೆಲ್ ಹಿಗ್ಗಿ ಹೀರೇಕಾಯಿ ಆಗಿದ್ದಳು. ಅವಳು ಅಲ್ಲೇ ಬಡಿಸುವ ಕೆಲಸದವಳು. "ನೋಡೇ ಅರ್ಲೀನ್, ನಮ್ಮ ಹುಡುಗ! ಇನ್ನು ನಮ್ಮ ಮಕ್ಕಳ ಮೈಮೇಲೆ ಯಾರ್ ಕೈ ಹಾಕ್ತಾರೋ ನೋಡ್ತೀನಿ" ಎಂದು ಜೊತೆಯವಳಿಗೆ ಹೇಳಿ, ಅವನ ತಟ್ಟೆಗೆ ಎರಡು ತುಂಡು ಜೋಳದ ಬ್ರೆಡ್ ಹೆಚ್ಚಿಗೆ ಹಾಕಿದ್ದಳು. ಅಂದಿನಿಂದ ದಿನವೂ ಹಾಕುತ್ತಿದ್ದಳು.

ಬಡಿಸುವ ಕೆಲಸ ಎಂದರೆ ಸೌಟು ಹಿಡಿದು ನಗುವುದಲ್ಲ. ಬೆಳಕು ಹರಿಯುವ ಮೊದಲೇ ಬಂದು ಹೆಪ್ಪುಗಟ್ಟಿದ ಕೋಳಿಯ ಪೆಟ್ಟಿಗೆ ಎತ್ತಬೇಕು. ಕುದಿನೀರಿನ ಮೇಲೆ ತಗಡಿನ ಟ್ರೇ ಇಳಿಸಬೇಕು. ವರ್ನೆಲ್‌ಳ ಮುಂಗೈಯಲ್ಲಿ ಒಲೆಯ ಬಾಗಿಲು ತಾಗಿದ ಬರೆಗಳು ಒಂದರ ಮೇಲೊಂದು ಇದ್ದವು. ಸಂಜೆ ಬೂಟು ಬಿಚ್ಚಿದರೆ ಪಾದ ಊದಿ ಮತ್ತೆ ಒಳಗೆ ಹೋಗುತ್ತಿರಲಿಲ್ಲ. ಮಕ್ಕಳು ಅವಳ ಮುಖ ನೋಡುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದರು. ಒಬ್ಬಳು ಮಾತ್ರ ಮುಖ ನೋಡಿ ತುಟಿ ಕೊಂಕಿಸಿ ನಗುತ್ತಿದ್ದಳು. ಆ ನಗುವಿಗಾಗಿಯೇ ಅವಳು ಈ ಕೆಲಸ ಹಿಡಿದಿದ್ದಳು. ಮಗಳು ಕಣ್ಣಳತೆಯಲ್ಲಿ ಇರುತ್ತಾಳಲ್ಲ ಎಂದು.

ಕಣ್ಣಳತೆಯಲ್ಲೇ ಆಯಿತು.

ಹಾಲಿನ ಪ್ಯಾಕೆಟ್ಟುಗಳ ಪೆಟ್ಟಿಗೆಯ ಹತ್ತಿರ ಇಬ್ಬರು ಹುಡುಗರು ಕೈ ಕೈ ಮಿಲಾಯಿಸಿದರು. ಒಂದು ತಟ್ಟೆ ಹಾರಿತು. ನೂರಾರು ಮಕ್ಕಳು ಒಟ್ಟಿಗೆ ಹೋ ಎಂದರು. ಲಮಾರ್ ಬಾಗಿಲು ದೂಡಿಕೊಂಡು ಓಡಿ ಬಂದ.

"ಎಲ್ಲಾ ಎದ್ದೇಳಿ! ಗೋಡೆ ಹತ್ರ ನಿಂತ್ಕೊಳ್ಳಿ! ಈಗ್ಲೇ!"

ಮಕ್ಕಳು ದಡಬಡ ಎದ್ದು ಗೋಡೆಗೆ ಓಡಿದರು. ಕಿಜಾಯಾ ಏಳಲಿಲ್ಲ. ಅವಳು ಜಗಳದಲ್ಲಿ ಇರಲಿಲ್ಲ. ಜಗಳದ ಹತ್ತಿರವೂ ಇರಲಿಲ್ಲ. ಪೊಲೀಸ್ ಕೂಗಿದ್ದು ಕಿವಿಗೆ ಬಿದ್ದದ್ದೇ ತಡ, ಅವಳ ಎರಡೂ ಅಂಗೈ ಮೇಜಿನ ಮೇಲೆ ಬಂದವು. ಬೆರಳು ಬಿಡಿಸಿ. ಕಣ್ಣು ಕೆಳಗೆ. ಬಡಿಸುವ ಕಟ್ಟೆಯ ಹಿಂದೆ ನಿಂತ ವರ್ನೆಲ್‌ಗೆ ಅದು ಕಂಡಿತು. ಆಗ ಅವಳ ಎದೆಯಲ್ಲಿ ಮೊದಲು ಮೂಡಿದ್ದು ಏನು ಗೊತ್ತೆ? ಹೆಮ್ಮೆ. ಭೇಷ್ ಮಗಳೆ, ಹಾಗೇ ಕೂತಿರು ಎಂದುಕೊಂಡಳು. ಆ ಹೆಮ್ಮೆಗೆ ಬೆಂಕಿ ಬೀಳ.

"ಏಯ್, ನಿಂಗೇ ಹೇಳಿದ್ದು. ಏಳು!"

ಹುಡುಗಿಯ ತುಟಿ ಅಲುಗಿತು. ಸಾರ್, ನಾನು ಈಗ ಏಳ್ತೀನಿ ಸಾರ್. ಕಲಿಸಿದ ಮಾತು, ಕಲಿಸಿದ ದನಿಯಲ್ಲಿ, ಮೆಲ್ಲಗೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅವಳು ಅವನ ಅಪ್ಪಣೆಗೆ ಕಾದಳು. ಅವನು ಅವಳು ಏಳುವುದನ್ನು ಕಾದ. ಅವನೆಷ್ಟು ಕಾದಾನು? ಗೋಡೆಗೆ ಒರಗಿದ ಅಷ್ಟೂ ಮಕ್ಕಳು ನೋಡುತ್ತಿದ್ದರು.

"ಕೊನೇ ಸಲ ಹೇಳ್ತಿದ್ದೀನಿ. ಏಳ್ತೀಯೋ, ಎಬ್ಬಿಸ್ಲೋ?"

ಎಬ್ಬಿಸಿದ. ರಟ್ಟೆ ಹಿಡಿದು ಜಗ್ಗಿದ. ಆ ಊಟದ ಹಾಲಿನಲ್ಲಿ ಸ್ಟೂಲುಗಳನ್ನು ಕಬ್ಬಿಣದ ಪೈಪಿನಿಂದ ಮೇಜಿಗೇ ಬೆಸೆದಿದ್ದಾರೆ. ಹುಡುಗಿಯ ಕಾಲು ಆ ಪೈಪಿನ ಹಿಂದೆ ಸಿಕ್ಕಿಕೊಂಡಿತು. ಮೇಲೆ ಬರಲಾಗದೆ, ಬಿದ್ದೇನೆಂಬ ಭಯಕ್ಕೆ ಮೇಜಿನ ಅಂಚು ಹಿಡಿದಳು.

"ಹಿಡ್ಕೋತೀಯಾ? ನನ್ನ ಮುಂದೇನೇ?"

ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ ಮೈ ಅವನದು. ಒಂದು ಕೈ ರಟ್ಟೆಗೆ, ಒಂದು ಕೈ ಕುತ್ತಿಗೆಯ ಹಿಂದಕ್ಕೆ ಹಾಕಿ ಎತ್ತಿ ಎಸೆದ. ಹುಡುಗಿಯ ಭುಜ ನೆಲಕ್ಕೆ ಬಡಿಯಿತು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವನು ಅವಳ ಬೆನ್ನಿಗೆ ಮೊಣಕಾಲೂರಿ, ಎರಡೂ ಕೈ ಹಿಂದಕ್ಕೆ ಎಳೆದು ಪ್ಲಾಸ್ಟಿಕ್ ಪಟ್ಟಿ ಬಿಗಿದ. ಮುರಿದ ಮೂಳೆಯ ಕೈಯನ್ನೂ ಸೇರಿಸಿ. ಆಗ ಅವಳು ಕಿರುಚಿದಳು. ಅಲ್ಲಿವರೆಗೂ ಕಿರುಚಿರಲಿಲ್ಲ, ಪಾಠದಲ್ಲಿ ಕಿರುಚುವುದು ಇರಲಿಲ್ಲ.

ವರ್ನೆಲ್ ಏನು ಮಾಡಿದಳು?

ಸೌಟು ಕೈಯಿಂದ ಜಾರಿತು. ಕುದಿಯುವ ಗೊಜ್ಜು ಮುಂಗೈ ಮೇಲೆ ಚೆಲ್ಲಿತು. ಅವಳ ಎರಡೂ ಅಂಗೈ ಕಟ್ಟೆಯ ಮೇಲೆ ಬಂದು ಕೂತಿದ್ದವು. ಬೆರಳು ಬಿಡಿಸಿಕೊಂಡು. ಗೊಜ್ಜು ಸುಡುತ್ತಿತ್ತು. ಅವಳು ಅಲುಗಾಡಲಿಲ್ಲ.

"ವರ್ನೆಲ್! ನಿನ್ನ ಮಗು ಕಣೆ ಅದು! ಹೋಗೇ!" ಎಂದು ಅರ್ಲೀನ್ ಬೆನ್ನಿಗೆ ಗುದ್ದಿದಳು.

ಕಾಲು ಕಿತ್ತು ಓಡುವ ಹೊತ್ತಿಗೆ ಹುಡುಗಿಯನ್ನು ಆಫೀಸಿಗೆ ಎಳೆದೊಯ್ದಿದ್ದರು. ಬಾಗಿಲಿಗೆ ಪ್ರಿನ್ಸಿಪಾಲ್ ಆಷ್‌ಬರ್ನ್ ಮೇಡಂ ಅಡ್ಡ ನಿಂತಿದ್ದರು. ಒಳಗಿನಿಂದ ಮಗಳ ನರಳಾಟ ಕೇಳುತ್ತಿತ್ತು.

"ವರ್ನೆಲ್, ಸಮಾಧಾನ. ಮೊದ್ಲು ಒಂದ್ ಮಾತು ಹೇಳಿ. ನೀವು ಏನಾದ್ರೂ ನೋಡಿದ್ರಾ?"

ನೋಡಿದೆ ಅಂದರೆ ಈ ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ಇಲ್ಲ ಮೇಡಂ. ಹಬೆ ಇತ್ತು. ಸರಿಯಾಗಿ ಕಾಣ್ಲಿಲ್ಲ."

ಬಾಗಿಲು ತೆರೆಯಿತು.

ಭುಜದ ಪಕ್ಕದ ಕೊರಳೆಲುಬು ಮುರಿದಿದೆ ಎಂದರು ಆಸ್ಪತ್ರೆಯಲ್ಲಿ. ಕೈಯನ್ನು ಬಟ್ಟೆಯ ಜೋಳಿಗೆಗೆ ಕಟ್ಟಿ ಕಳಿಸಿದರು. ಹಿಂದೆಯೇ ಕೇಸೂ ಬಂತು. ಶಾಲೆಯಲ್ಲಿ ಗಲಭೆ ಮಾಡಿದ್ದು, ಪೊಲೀಸ್ ಅಧಿಕಾರಿಗೆ ಎದುರು ನಿಂತದ್ದು. ಹದಿಮೂರು ವರ್ಷದ ಹುಡುಗಿ, ಕೂತವಳು ಕೂತಲ್ಲೇ ಎದುರು ನಿಂತಳಂತೆ! ಕೇಸು ಗಟ್ಟಿಯಾದರೆ ಕಿಜಾಯಾ ಈ ಶಾಲೆಯಿಂದ ಆಚೆಗೆ. ಜಿಲ್ಲೆಯ ಇನ್ನೊಂದು ತುದಿಯಲ್ಲಿ ದಾರಿ ತಪ್ಪಿದ ಮಕ್ಕಳಿಗೆಂದು ಒಂದು ಶಾಲೆ ಇದೆ, ಮಕ್ಕಳ ಮೈ ತಡಕಿ ಒಳಗೆ ಬಿಡುತ್ತಾರೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ವರ್ನೆಲ್ ಕಂಡಿರಲಿಲ್ಲ.

ಮಗಳಿಗೆ ಕೈ ಎತ್ತಲಾಗುತ್ತಿರಲಿಲ್ಲ. ವರ್ನೆಲ್ ಅವಳನ್ನು ಅಡುಗೆಮನೆಯ ಸಿಂಕಿಗೆ ಬಗ್ಗಿಸಿ ತಲೆ ತೊಳೆದಳು. ಮೊಣಕಾಲ ನಡುವೆ ಕೂರಿಸಿಕೊಂಡು ಬೈತಲೆ ಬಿಡಿಸಿ ಎಣ್ಣೆ ಹಚ್ಚಿ ಸಣ್ಣ ಸಣ್ಣ ಜಡೆ ಹೆಣೆದಳು. ಕುತ್ತಿಗೆಯ ಹಿಂದೆ ನಾಲ್ಕು ಬೆರಳಿನ ಗುರುತು ಇನ್ನೂ ಹಾಗೇ ಇತ್ತು.

"ಅಮ್ಮ."

"ಹೂಂ."

"ಕೈ ಕಾಣೋ ಹಾಗೆ ಇಟ್ಟಿದ್ದೆ. ಬೆರಳು ಬಿಡಿಸಿದ್ದೆ. ಮೊದ್ಲು ಹೇಳ್ದೆ ಕೂಡ. ಎಲ್ಲಿ ತಪ್ಪು ಮಾಡ್ದೆ?"

ವರ್ನೆಲ್‌ಳ ಕೈ ನಿಂತಿತು.

"ಹೇಳಮ್ಮ. ಎಲ್ಲಿ ತಪ್ಪಾಯ್ತು ಅಂತ ಹೇಳು. ಇನ್ನೊಂದ್ ಸಲ ಸರಿಯಾಗಿ ಮಾಡ್ತೀನಿ."

ಇನ್ನೊಂದು ಸಲ. ಹುಡುಗಿ ಇನ್ನೊಂದು ಸಲಕ್ಕೆ ತಯಾರಾಗುತ್ತಿದ್ದಳು! ವರ್ನೆಲ್ ಅಳಲಿಲ್ಲ. ಸಿಟ್ಟು ಬಂತು. ಲಮಾರ್ ಮೇಲೆ, ತನ್ನ ಮೇಲೆ, ಆ ಟಾರ್ಚಿನ ಮೇಲೆ, ಒಳ್ಳೆಯ ಮಗುವಾಗಿರು ಎಂದು ಹೇಳಿಕೊಟ್ಟ ಪ್ರತಿಯೊಬ್ಬರ ಮೇಲೆ.

ಶನಿವಾರ ಮಧ್ಯಾಹ್ನ ಮದರ್ ಪೆಟ್ಟಿಗ್ರೂ ಬಂದರು. ಕೈಯಲ್ಲಿ ಪೀಚ್ ಹಣ್ಣಿನ ಬಿಸಿ ಕಾಬ್ಲರ್, ಮನೆಯಲ್ಲೇ ಬೇಯಿಸಿದ ಸಿಹಿತಿಂಡಿ. ಕಿಜಾಯಾಳ ತಲೆ ಸವರಿದರು. ಅವಳು ಎದ್ದು ಒಳಗೆ ಹೋದಳು. ಮುದುಕಿ ಮೇಜಿನ ಮುಂದೆ ಕೂತು ತುಸು ಹೊತ್ತು ಏದುಸಿರು ಬಿಟ್ಟರು.

"ಲಮಾರ್ ಊಟ ಬಿಟ್ಟಿದ್ದಾನೆ ಕಣಮ್ಮ."

"ನನ್ನ ಮಗಳಿಗೆ ಚಮಚ ಎತ್ತಕ್ಕೆ ಆಗ್ತಿಲ್ಲ, ಮದರ್."

"ಗೊತ್ತು ಕಣೆ. ಗೊತ್ತಿದ್ದೇ ಬಂದೆ. ಸ್ಕೂಲಿನವರು, ಪೊಲೀಸಿನವರು ಸೇರಿ ಒಂದು ದಾರಿ ಹೇಳ್ತಿದ್ದಾರೆ. ಮಗು ಅವನಿಗೆ ಸಾರಿ ಅನ್ಲಿ. ಕೇಸು ತೆಗೀತಾರೆ. ನೀನು ನೋಡಿಲ್ಲ ಅಂದಿದ್ದೀಯ, ಅದನ್ನೇ ಇನ್ನೊಂದ್ ಸಲ ಅನ್ನು. ಸಾಕು. ನಿನ್ನ ಕೆಲ್ಸಾನೂ ಉಳಿಯುತ್ತೆ."

"ಕೂತಿದ್ದವಳನ್ನ ಎತ್ತಿ ಬಿಸಾಕಿದ. ಸಾರಿ ಅವಳು ಹೇಳ್ಬೇಕಾ?"

"ಲಮಾರ್ ಬೆಲ್ಟ್ ಬಿಚ್ಚಿಸಿ ಕೆಲಸದಿಂದ ತೆಗೆದ್ರೆ ಆ ಜಾಗಕ್ಕೆ ಯಾರನ್ನ ತರ್ತಾರೆ ಗೊತ್ತಾ? ಒಬ್ಬ ಬಿಳಿಯವನನ್ನ. ಇವನು ಎಷ್ಟಾದ್ರೂ ನಮ್ಮವನು."

"ನಮ್ಮವನು ಮುರಿದ್ರೆ ಮೂಳೆ ನೋಯಲ್ವಾ, ಮದರ್?"

ಮುದುಕಿ ಬರಿಗೈಯಿಂದ ಹಣೆ ಒರೆಸಿಕೊಂಡರು. "ಮಗು ಏಳ್ಬೇಕಾಗಿತ್ತು ಕಣೆ. ಅಷ್ಟೇ. ಏಳು ಅಂದಾಗ ಎದ್ದಿದ್ರೆ ಆಗ್ತಿತ್ತು."

"ಅಲುಗಾಡಿದ್ರೆ ಸಾಯ್ತೀರ ಅಂತ ಹೇಳಿಕೊಟ್ಟಿದ್ದು ಯಾರು? ಸೌಟು ಹಿಡ್ಕೊಂಡು ನಮ್ಮನ್ನೆಲ್ಲ ಕೂರಿಸಿದ್ದು ಯಾರು? ಕಾರಲ್ಲಿ ಅಲುಗಾಡಬೇಡಿ, ಸ್ಕೂಲಲ್ಲಿ ಅಲುಗಾಡಿ ಅಂತ ಯಾವತ್ತು ಹೇಳಿದ್ರಿ? ಲಮಾರ್‌ಗೂ ನೀವೇ ಕಲಿಸಿದ್ದಲ್ವಾ? ಆ ಕೈ ನೋಡಿದ ತಕ್ಷಣ ಅವನಿಗೆ ಗೊತ್ತಾಗ್ಲಿಲ್ವಾ?"

ಮದರ್ ಕಾಬ್ಲರಿನ ಪಾತ್ರೆಯನ್ನು ಮೇಜಿನ ಮಧ್ಯಕ್ಕೆ ಸರಿಸಿದರು. ಆಮೇಲೆ, ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಆಗ ಸ್ಕೂಲಲ್ಲಿ ಪೊಲೀಸ್ ಇರ್ಲಿಲ್ಲ ಕಣೆ."

ಕಾಬ್ಲರನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಅಡುಗೆಮನೆಯಲ್ಲಿ ಅರ್ಲೀನ್ ಕೋಳಿ ಟ್ರೇ ಎತ್ತುತ್ತಾ ಬೈದಳು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತಿದ್ದಾನೆ ಮುಂಡೇಮಗ. ಅವನಿಗೇ ಸಾರಿ ಹೇಳ್ಬೇಕಂತೆ. ಏನ್ ಮಾಡ್ತೀಯ ಈಗ?"

"ಗೊತ್ತಿಲ್ಲ" ಎಂದಳು ವರ್ನೆಲ್. ಸುಳ್ಳಲ್ಲ. ಬಾಡಿಗೆ ಮನೆ, ಮಗಳ ಆಸ್ಪತ್ರೆ, ಈ ಒಂದು ಕೆಲಸ. ಎಲ್ಲ ಒಂದು ಸಣ್ಣ ಮಾತಿಗೆ ನೇತುಬಿದ್ದಿತ್ತು. ಸಾರಿ ಅಂದರೆ ನಾಲಗೆ ಸವೆದು ಹೋಗುತ್ತದೆಯೆ? ಇಷ್ಟು ವರ್ಷ ಎಷ್ಟು ಸಲ ಅಂದಿಲ್ಲ? ಅಂದುಬಿಡಲಿ, ಮಗು ಓದಿಕೊಳ್ಳಲಿ ಎಂದುಕೊಂಡಳು. ಏಪ್ರನ್ ಬಿಚ್ಚಿ, ತಲೆಯ ಬಲೆ ತೆಗೆದು, ಅಡುಗೆಮನೆಯ ಹೊರಗೆ ಕಾದು ಕೂತಿದ್ದ ಮಗಳ ಕೈ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದಳು. ಅವಳು ಬಗ್ಗುವುದಕ್ಕೇ ಹೋದದ್ದು. ಅದನ್ನು ಮುಚ್ಚಿಡುವುದೇನು?

ಕೋಣೆಯಲ್ಲಿ ಉದ್ದನೆ ಮೇಜು. ಆಚೆ ಪ್ರಿನ್ಸಿಪಾಲ್ ಮೇಡಂ, ಅವರ ಪಕ್ಕ ಲಮಾರ್‌ನ ಮೇಲಧಿಕಾರಿ ಲೆಫ್ಟಿನೆಂಟ್ ಕ್ರೆನ್‌ಶಾ. ನರೆತ ಮೀಸೆಯ, ಜೇನಿನಂಥ ಮಾತಿನ ಬಿಳಿಯ. ಲಮಾರ್ ಗೋಡೆಗೆ ಒತ್ತಿ ಕೂತಿದ್ದ. ತಲೆ ಎತ್ತಲಿಲ್ಲ.

"ಬಾಮ್ಮ, ಬಾ ಮರಿ, ಕೂತ್ಕೊಳ್ಳಿ" ಎಂದ ಲೆಫ್ಟಿನೆಂಟ್. "ಇಲ್ಲಿ ಯಾರೂ ಯಾರಿಗೂ ಶತ್ರುಗಳಲ್ಲ. ನಾವು ಎಲ್ಲಾನೂ ಪರಿಶೀಲನೆ ಮಾಡಿದ್ದೀವಿ. ಇಲ್ಲಿರೋ ಡೆಪ್ಯುಟಿ ಪೆಟ್ಟಿಗ್ರೂ ಮೂರು ಸಲ ಆದೇಶ ಕೊಟ್ಟಿದ್ದಾರೆ. ಮೂರು ಸಲಾನೂ ಮಗು ಪಾಲಿಸಿಲ್ಲ. ಮೇಜು ಬೇರೆ ಹಿಡ್ಕೊಂಡಿದೆ. ಅಂಥಾ ಸಂದರ್ಭದಲ್ಲಿ ಅಧಿಕಾರಿ ತಕ್ಕಷ್ಟು ಬಲ ಬಳಸಬಹುದು. ಅವರು ಬಳಸಿದ್ದು ತಕ್ಕಷ್ಟೇ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

ಅಡುಗೆಗೆ ಉಪ್ಪು ಹಾಕಿದ ಹಾಗೆ ಹೇಳಿದ.

"ತಾಯಿನೂ ಏನೂ ನೋಡಿಲ್ಲ ಅಂತ ಅವತ್ತೇ ಹೇಳಿದ್ದಾರೆ" ಎಂದರು ಪ್ರಿನ್ಸಿಪಾಲ್. "ಅಲ್ವಾ ವರ್ನೆಲ್?"

ವರ್ನೆಲ್ ತಲೆ ತಗ್ಗಿಸಿದಳು. ಅಷ್ಟು ಅವರಿಗೆ ಸಾಕಾಯಿತು. ಲೆಫ್ಟಿನೆಂಟ್ ನಕ್ಕು ಹುಡುಗಿಯ ಕಡೆ ತಿರುಗಿದ.

"ಸರಿ ಮರಿ. ಎದ್ದು ನಿಂತು ಡೆಪ್ಯುಟಿಗೆ ಸಾರಿ ಅಂದ್ಬಿಡು. ಮುಗೀತು. ನಾಳೆಯಿಂದ ಕ್ಲಾಸಿಗೆ ಹೋಗು."

ಕಿಜಾಯಾ ತಾಯಿಯ ಮುಖ ನೋಡಿದಳು. ಆಮೇಲೆ ಚೆನ್ನಾಗಿದ್ದ ಒಂದು ಕೈಯನ್ನು ಮೇಜಿನ ಮೇಲಿಟ್ಟಳು. ಬೆರಳು ಬಿಡಿಸಿದಳು. ಜೋಳಿಗೆಯೊಳಗಿದ್ದ ಇನ್ನೊಂದು ಕೈಯನ್ನೂ ಹೊರಗೆ ತೆಗೆದು ಇಡಲು ನೋಡಿದಳು. ನೋವಿಗೆ ಅವಳ ಮುಖ ಕಿವುಚಿತು. ಆದರೂ ತೆಗೆಯುತ್ತಿದ್ದಳು. ಎರಡೂ ಕೈ ಕಾಣಬೇಕಲ್ಲ.

"ಸಾರ್, ನಾನು ಈಗ ಏಳ್ತೀನಿ ಸಾರ್" ಎಂದಳು.

ಗೋಡೆಯ ಬಳಿ ಲಮಾರ್ ತಲೆ ಎತ್ತಿದ.

ವರ್ನೆಲ್ ಮಗಳ ಕೈಯ ಮೇಲೆ ತನ್ನ ಕೈ ಇಟ್ಟಳು.

"ಏಳಬೇಡ" ಎಂದಳು.

"ಏನಂದ್ರಿ?"

"ಕಿಜಾಯಾ, ಕೂತ್ಕೋ. ಕೈ ಒಳಗೆ ಹಾಕ್ಕೋ. ಏಳಬೇಡ. ನಾನು ನೋಡ್ದೆ ಮೇಡಂ. ಎಲ್ಲಾ ನೋಡ್ದೆ. ಹಬೆಯೂ ಇಲ್ಲ, ಗಿಬೆಯೂ ಇಲ್ಲ. ನೀವು ಬಾಗಿಲಿಗೆ ಅಡ್ಡ ನಿಂತಿದ್ರಿ, ಒಳಗೆ ನನ್ನ ಮಗು ನರಳ್ತಿತ್ತು, ಅದಕ್ಕೆ ಸುಳ್ಳು ಹೇಳ್ದೆ. ಈಗ ಕೇಳಿ. ಇವಳು ಇದನ್ನೇ ಅಂದ್ಲು ಅವತ್ತು. ಇದೇ ಮಾತು. ಕೈ ಹೀಗೇ ಇಟ್ಟಿದ್ಲು. ಕಾಲು ಪೈಪಿಗೆ ಸಿಕ್ಕಿತ್ತು. ಇವನು ಎತ್ತಿ ನೆಲಕ್ಕೆ ಬಡಿದ. ನನ್ನ ಮಗಳು ಎದುರು ನಿಲ್ಲಲಿಲ್ಲ. ಹೆದರಿ ಕೂತಿದ್ಲು. ಹೆದರೋದನ್ನ ಕಲಿಸಿದ್ದು ನಾನು."

ಪ್ರಿನ್ಸಿಪಾಲ್ ಮೇಡಂ ಕೆಂಪಾದರು. "ವರ್ನೆಲ್, ನೀವಿಲ್ಲಿ ಕೆಲಸಕ್ಕಿದ್ದೀರಿ, ನೆನಪಿರ್ಲಿ."

"ನೆನಪಿದೆ. ಇವನಿಗೆ ದಿನಾ ಬಡಿಸಿದ್ದು ನಾನೇ."

ಲೆಫ್ಟಿನೆಂಟನ ಜೇನು ಒಣಗಿತು. "ಕೇಸು ಮಕ್ಕಳ ಕೋರ್ಟಿಗೆ ಹೋಗುತ್ತೆ, ಗೊತ್ತಿರ್ಲಿ. ಮಾತು ಮುಗೀತು. ಆಚೆ ನಡೀರಿ ಇಬ್ರೂ."

"ಹೋಗ್ಲಿ. ಜಡ್ಜ್ ಮುಂದೆಯೂ ಇದನ್ನೇ ಹೇಳ್ತೀನಿ. ನೀವು ಸಾರಿ ಹೇಳೋವರ್ಗೂ ನಾವು ಏಳಲ್ಲ."

"ಡೆಪ್ಯುಟಿ ಪೆಟ್ಟಿಗ್ರೂ, ಇವರನ್ನ ಆಚೆ ಕರ್ಕೊಂಡ್ ಹೋಗಿ."

ಲಮಾರ್ ಎದ್ದ. ಬೆಲ್ಟು ಕಿರುಗುಟ್ಟಿತು. ಬಂದು ಎದುರಿಗೆ ನಿಂತ. ವರ್ನೆಲ್ ಕುರ್ಚಿಯ ಕೆಳಗೆ ಕೈ ಹಾಕಿ ಗಟ್ಟಿಯಾಗಿ ಹಿಡಿದುಕೊಂಡಳು.

"ಸಿಸ್ಟರ್ ವರ್ನೆಲ್, ಏಳಿ. ನಿಮ್ಮ ದಮ್ಮಯ್ಯ" ಎಂದ, ಚರ್ಚಿನಲ್ಲಿ ಕರೆಯುವ ಹಾಗೆ.

"ಒಂದು ಸಲ ಆಯ್ತು. ಇನ್ನೆರಡು ಸಲ ಹೇಳು. ಆಮೇಲೆ ನಿನ್ನ ತಕ್ಕಷ್ಟು ಬಲದ ಕಾಯ್ದೆ ಬರುತ್ತೆ. ಇವಳಿಗೆ ಒಂದೇ ಕಡೆ ಮೂಳೆ ಉಳಿದಿದೆ. ನನಗೆ ಎರಡೂ ಕಡೆ ಇದೆ. ಬಾ."

ಲಮಾರ್ ನಿಂತಲ್ಲೇ ನಿಂತ.

"ಡೆಪ್ಯುಟಿ!" ಎಂದ ಲೆಫ್ಟಿನೆಂಟ್.

ಲಮಾರ್ ಅವನ ಕಡೆ ತಿರುಗಿದ. "ಎಷ್ಟು ಸಾರ್?"

"ಏನೆಷ್ಟು?"

"ಬಲ. ತಕ್ಕಷ್ಟು ಅಂದ್ರಲ್ಲ. ಇವರಿಗೆ ತಕ್ಕಷ್ಟು ಅಂದ್ರೆ ಎಷ್ಟು? ಕೈ ತಿರುಚ್ಲಾ? ಕುರ್ಚಿ ಸಮೇತ ಎತ್ಲಾ? ನೀವು ಹೇಳಿ. ಮೇಡಂ ಮುಂದೇನೇ ಹೇಳಿ. ಆಮೇಲೆ ಮಾಡ್ತೀನಿ."

ಅದು ಕರುಣೆಯೋ, ತನ್ನ ಕುತ್ತಿಗೆ ಉಳಿಸಿಕೊಳ್ಳುವ ಜಾಣತನವೋ ವರ್ನೆಲ್‌ಗೆ ತಿಳಿಯಲಿಲ್ಲ. ತಿಳಿಯುವ ಆಸೆಯೂ ಇರಲಿಲ್ಲ. ಅವಳು ಅವನನ್ನು ಕ್ಷಮಿಸಲಿಲ್ಲ. ಅವಳು ನೋಡುತ್ತಿದ್ದದ್ದು ಮೇಜಿನಾಚೆಯ ಆ ನರೆತ ಮೀಸೆಯನ್ನು.

ಲೆಫ್ಟಿನೆಂಟ್ ಹುಡುಗಿಯ ಜೋಳಿಗೆ ನೋಡಿದ. ಪ್ರಿನ್ಸಿಪಾಲರನ್ನು ನೋಡಿದ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮುರಿದ ಮೂಳೆಗೆ ಅಷ್ಟು ನಯವಾಗಿ ಲೆಕ್ಕ ಹೇಳಿದವನಿಗೆ, ಇನ್ನೂ ಮುರಿಯದ ಮೂಳೆಗೆ ಲೆಕ್ಕ ಹೇಳಲು ಬಾಯಿ ಬರಲಿಲ್ಲ.

"ಹೇಳಿ ಸಾರ್" ಎಂದಳು ವರ್ನೆಲ್. "ನಾವು ಕಾಯ್ತಿದ್ದೀವಿ."

ತಾಯಿ ಮಗಳು ಏಳಲಿಲ್ಲ.